ಅಂಕಪಟ್ಟಿಯೂ ಒಂದು ಅಮಾನತ್



ತರಗತಿಯ ವಾಟ್ಸ್ಆ್ಯಪ್ ಗ್ರೂಪಿಗೆ ಎಲ್ಲರ ಅಂಕಪಟ್ಟಿಯ ಫೋಟೋ ಬರುತ್ತದೆ. ನಾವು ಬೇರೆ ಮಕ್ಕಳ ಅಂಕ ನೋಡುತ್ತೇವೆ, ಸಂಬಂಧಿಕರಿಗೂ ಕಳುಹಿಸುತ್ತೇವೆ. ಫೇಲಾದ ಮಗು ಸಂಜೆಯೊಳಗೆ ಮೊಹಲ್ಲಾದಲ್ಲಿ ತಲೆ ಎತ್ತದಂತಾಗುತ್ತದೆ.

ಅನುಮತಿ ಕೇಳದೆ ಪರರ ಮನೆ ಪ್ರವೇಶಿಸಬಾರದೆಂದು ಪವಿತ್ರ ಕುರ್‌ಆನ್ (24:27) ಕಲಿಸುತ್ತದೆ. ಪರರ ಗುಟ್ಟು ಕೆದಕುವುದನ್ನೂ ಪರದೂಷಣೆಯನ್ನೂ ನಿಷೇಧಿಸುತ್ತದೆ (49:12). ಮಗುವಿನ ಅಂಕ, ಫೋಟೋ, ಆಧಾರ್ ಸಂಖ್ಯೆಗೂ ಇಂಥದೇ ಬಾಗಿಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರ ಮಾಹಿತಿ ಬಳಸಲು ಸಾಮಾನ್ಯವಾಗಿ ಹೆತ್ತವರ ಒಪ್ಪಿಗೆ ಕೇಳುತ್ತದೆ.

ಅಂಕವನ್ನು ಆಯಾ ಹೆತ್ತವರಿಗಷ್ಟೇ ತಿಳಿಸುವಂತೆ ಶಿಕ್ಷಕರಲ್ಲಿ ವಿನಂತಿಸಿ. ಬಂದದ್ದನ್ನು ಫಾರ್ವರ್ಡ್ ಮಾಡಬೇಡಿ. ಸಹಪಾಠಿಯ ಫೋಟೋ ಹಾಕುವ ಮುನ್ನ ಅವರನ್ನು ಕೇಳಲು, ಪಾಸ್‌ವರ್ಡನ್ನು ಗೆಳೆಯರಿಗೂ ಕೊಡದಿರಲು ಮಕ್ಕಳಿಗೆ ಕಲಿಸಿ.

ಪರರ ಕುಂದು ಮುಚ್ಚುವವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.