ಹಾಕಿದ ರಿಕವರಿ ಮಾಯವಾಗುವುದೇಕೆ?

ಆಂಡ್ರಾಯ್ಡ್ ಫೋನಿಗೆ ಟಿಡಬ್ಲ್ಯುಆರ್‌ಪಿ ರಿಕವರಿ ಹಾಕುವವರು ಹಲವರು ಇಲ್ಲೇ ಸೋಲುತ್ತಾರೆ. ಕಂಪ್ಯೂಟರಿನಿಂದ ಫಾಸ್ಟ್‌ಬೂಟ್ ಮೂಲಕ ಕಳಿಸಿದಾಗ 'ಓಕೆ' ಎಂದು ಬರುತ್ತದೆ. ಫೋನ್ ಆನ್ ಮಾಡಿ ಮತ್ತೆ ನೋಡಿದರೆ ಕಂಪನಿಯ ರಿಕವರಿಯೇ! ತಪ್ಪು ನಿಮ್ಮದಲ್ಲ. ಅನೇಕ ಫೋನುಗಳು ಪೂರ್ತಿ ಚಾಲೂ ಆದೊಡನೆ ಮೂಲ ರಿಕವರಿಯನ್ನು ತಾವೇ ಮರಳಿ ಬರೆದುಕೊಳ್ಳುತ್ತವೆ. ಆದುದರಿಂದ ಹಾಕಿದ ಕೂಡಲೇ ಪವರ್ ಮತ್ತು ವಾಲ್ಯೂಮ್ ಗುಂಡಿ ಒಟ್ಟಿಗೆ ಒತ್ತಿ ಹಿಡಿದು ನೇರವಾಗಿ ರಿಕವರಿಗೇ ಹೋಗಬೇಕು. ಯಾವ ವಾಲ್ಯೂಮ್ ಗುಂಡಿ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಕೆಲವು ಹೊಸ ಫೋನುಗಳಲ್ಲಿ ರಿಕವರಿಗೆ ಪ್ರತ್ಯೇಕ ಜಾಗವೇ ಇಲ್ಲ. ಅವುಗಳಿಗೆ ಈ ಉಪಾಯ ನಡೆಯದು, ವಿಧಾನವೇ ಬೇರೆ.

ಇನ್ನೊಂದು ಮಾತು. ಇದಕ್ಕೆಲ್ಲ ಮೊದಲು ಬೂಟ್‌ಲೋಡರ್ ಬೀಗ ತೆಗೆಯಬೇಕಷ್ಟೆ? ಆಗಲೇ ಫೋನಿನೊಳಗಿನ ಫೋಟೋ, ನಂಬರು ಎಲ್ಲವೂ ಅಳಿಸಿಹೋಗುತ್ತವೆ. ಅವನ್ನು ಮುಂಚೆಯೇ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಿ.