ರೇಷ್ಮೆಯ ಸೊಬಗೂ ಹೃದಯದ ಸೊಬಗೂ

ಸೌಂದರ್ಯವನ್ನು ಮೆಚ್ಚದ ಮನುಷ್ಯನಿಲ್ಲ. ಸೊಬಗನ್ನು ಸೃಷ್ಟಿಸಿದವನೂ ಅದನ್ನು ಕಂಡು ಹಿಗ್ಗುವ ಕಣ್ಣನ್ನು ಕೊಟ್ಟವನೂ ದೇವರೇ ಆಗಿರುವದರಿಂದ ಇದರಲ್ಲಿ ದೋಷವೇನೂ ಇಲ್ಲ. ಆದರೆ ಯಾವದನ್ನು ಸೌಂದರ್ಯವೆಂದು ಎಣಿಸಬೇಕೆಂಬ ವಿಷಯದಲ್ಲಿ ನಾವು ಬಹಳವಾಗಿ ಮೋಸಹೋಗುತ್ತೇವೆ. ಇದನ್ನು ತಿದ್ದಿಕೊಳ್ಳುವದಕ್ಕೆ ದೊಡ್ಡ ಗ್ರಂಥಗಳನ್ನು ಹುಡುಕಬೇಕಾಗಿಲ್ಲ; ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿರುವ ರಾಮನಗರ, ಚನ್ನಪಟ್ಟಣಗಳ ಕಸುಬುಗಳೇ ನಮಗೆ ಗುರುಗಳಾಗಬಲ್ಲವು.

ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡುಗಳು ರಾಶಿರಾಶಿಯಾಗಿ ಬರುತ್ತವೆ. ಹಿಪ್ಪುನೇರಳೆ ಸೊಪ್ಪನ್ನು ತಿಂದು, ನಾಲ್ಕು ಸಾರಿ ಪೊರೆ ಬಿಟ್ಟು ಹಣ್ಣಾದ ಹುಳುವು ಚಂದ್ರಿಕೆಯ ಮೇಲೆ ತನ್ನ ಸುತ್ತಲೂ ಗೂಡು ಕಟ್ಟುತ್ತದೆ. ಒಂದೊಂದು ಗೂಡಿನಲ್ಲಿ ನೂರಾರು ಗಜ ಉದ್ದದ ಒಂದೇ ಎಳೆ ಇರುತ್ತದೆ. ಆದರೆ ಹೊಸದಾಗಿ ಬಿಚ್ಚಿದ ನೂಲು ಬಿರುಸಾಗಿಯೂ ಮಂಕಾಗಿಯೂ ಇರುವದು. ಎಳೆಯ ಮೇಲೆ ಒಂದು ಅಂಟು ಕವಿದಿದೆ. ನೂಲಿನ ತೂಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಅದೇ. ಸಾಬೂನಿನ ನೀರಿನಲ್ಲಿ ಕುದಿಸಿ ಈ ಅಂಟನ್ನು ತೆಗೆದ ಮೇಲೆಯೇ ನಾವು ಬಲ್ಲ ಹೊಳಪೂ ನುಣುಪೂ ತೋರುತ್ತವೆ. ಆ ಹೊಳಪನ್ನು ಯಾರೂ ಹೊರಗಿನಿಂದ ಬಳಿಯಲಿಲ್ಲ. ಬೇಡವಾದದ್ದು ಹೋದದ್ದರಿಂದ ಒಳಗಿದ್ದದ್ದು ಕಾಣಿಸಿತು. ಗರ್ವ, ಹೊಟ್ಟೆಕಿಚ್ಚು, ಬಿರುನುಡಿ ಎಂಬ ಅಂಟುಗಳನ್ನು ದೇವರು ಕಷ್ಟವೆಂಬ ಕುದಿನೀರಿನಲ್ಲಿ ಕರಗಿಸುವಾಗ ನಾವು ಗುಣುಗುಟ್ಟುವದೇಕೆ?

ಹಾಗಾದರೆ ಹೊರಗಿನ ಅಲಂಕಾರವೆಲ್ಲ ಪಾಪವೋ? ಅಲ್ಲ. ಚನ್ನಪಟ್ಟಣದ ಬೊಂಬೆಯನ್ನು ನೋಡಿರಿ. ಆಲೆಮರದ ತುಂಡನ್ನು ಯಂತ್ರದಲ್ಲಿ ತಿರುಗಿಸುತ್ತಾ ಬಣ್ಣದ ಅರಗನ್ನು ಒತ್ತಿ ಹಿಡಿದರೆ, ಉಜ್ಜುವಿಕೆಯ ಕಾವಿನಿಂದ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆದರೆ ಮರವನ್ನು ಮೊದಲೇ ಚೆನ್ನಾಗಿ ಒಣಗಿಸಿರಬೇಕು. ಹಸಿಮರಕ್ಕೆ ಎಷ್ಟು ಬಣ್ಣವಿಟ್ಟರೂ ಮರ ಬಿರಿದಾಗ ಬಣ್ಣವೂ ಬಿರಿಯುತ್ತದೆ. ಅಪೊಸ್ತಲನಾದ ಪೇತ್ರನು ತನ್ನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಜಡೆ, ಒಡವೆ, ಉಡುಪುಗಳಿಗಿಂತ ಒಳಗಣ ಮನುಷ್ಯನ ಶಾಂತಿಯೇ ದೇವರ ಎಣಿಕೆಯಲ್ಲಿ ಬೆಲೆಯುಳ್ಳದ್ದೆಂದು ಬೋಧಿಸುವದರ ಅರ್ಥವೂ ಇದೇ.

ಇವೆರಡಕ್ಕಿಂತ ಮೇಲಾದ ಪಾಠವೊಂದುಂಟು. ಮದುವೆಯ ಮನೆಯಲ್ಲಿ ರೇಷ್ಮೆ ಸೀರೆಯನ್ನು ಹೊಗಳುವ ನಾವು ಅದರ ನೂಲನ್ನು ಬಿಚ್ಚಿದ ಕೈಗಳನ್ನು ನೆನಸುವದಿಲ್ಲ. ಯಂತ್ರಗಳು ಬಂದಿರುವ ಈ ಕಾಲದಲ್ಲಿಯೂ ಎಷ್ಟೋ ಕಡೆ ಹೆಂಗಸರು ಬಿಸಿನೀರಿನಲ್ಲಿ ಕೈಯಾಡಿಸಿ ಎಳೆಯ ತುದಿಯನ್ನು ಹುಡುಕುತ್ತಾರೆ. ಅವರ ಬೆರಳುಗಳು ನೆನೆದು, ಸುಕ್ಕಿ, ಬಿರಿದಿರುತ್ತವೆ. ಗೂಡಿನ ನಾತವು ಅವರನ್ನು ಮನೆಯ ವರೆಗೂ ಬಿಡದು. ಆ ಕೈಗಳನ್ನು ಚೆಲುವಾದವೆಂದು ಯಾರೂ ಹೇಳರು. ಆದರೂ ಸೀರೆಯ ಚೆಲುವೆಲ್ಲ ಅವುಗಳಿಂದಲೇ ಬಂತು. ಅವರ ಮಕ್ಕಳ ಅನ್ನವೂ ಶಾಲೆಯ ಪುಸ್ತಕವೂ ಅವುಗಳಿಂದಲೇ ಬರುತ್ತವೆ. ತಾತಾರವರ ಬೆಂಗಳೂರಿನ ರೇಷ್ಮೆ ತೋಟವನ್ನು 1910ರಲ್ಲಿ ವಹಿಸಿಕೊಂಡ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಘದವರೂ ಈ ಕಸುಬಿನಲ್ಲಿ ಕಂಡದ್ದು ಸಿರಿವಂತರ ಉಡುಪನ್ನಲ್ಲ, ಬಡವರ ಜೀವನೋಪಾಯವನ್ನು.

ಜ್ಞಾನೋಕ್ತಿಗಳ ಕಡೆಯ ಅಧ್ಯಾಯವು ಗುಣವತಿಯನ್ನು ಕೊಂಡಾಡುವಾಗ ಆಕೆಯ ಮುಖದ ಬಣ್ಣವನ್ನು ಹೇಳುವದಿಲ್ಲ. ದುಡಿಯುವ, ಬಡವರ ಕಡೆಗೆ ಚಾಚುವ ಕೈಗಳನ್ನು ಹೇಳುತ್ತದೆ. ಪುನರುತ್ಥಾನ ಹೊಂದಿದ ಕರ್ತನು ಶಿಷ್ಯರಿಗೆ ತೋರಿಸಿದ್ದೂ ಗಾಯದ ಗುರುತುಗಳಿದ್ದ ಕೈಗಳನ್ನೇ. ಮಹಿಮೆಯು ಆ ಗುರುತುಗಳನ್ನು ಅಳಿಸಲಿಲ್ಲ.

ಹೀಗಿದ್ದರೂ ಹೆಣ್ಣು ನೋಡಲು ಹೋದಾಗ ಬಣ್ಣ ಸ್ವಲ್ಪ ಕಪ್ಪೆಂಬ ಒಂದೇ ಮಾತಿನಿಂದ ಒಳ್ಳೆಯ ಹುಡುಗಿಯನ್ನು ಬೇಡವೆನ್ನುವ ಕ್ರೈಸ್ತ ಮನೆಗಳುಂಟು. ಒಳಗಣ ಕೋಣೆಯಲ್ಲಿ ನಿಂತು ಆ ಮಾತನ್ನು ಕೇಳಿದ ಮಗಳು ಅದನ್ನು ಆಯುಷ್ಯವೆಲ್ಲ ಮರೆಯಲಾರಳು. ಪ್ರವಾದಿಯಾದ ಸಮುವೇಲನು ಕೂಡ ಇಷಯನ ಮನೆಯಲ್ಲಿ ಹಿರಿಯ ಮಗನ ರೂಪಕ್ಕೆ ಮನಸೋತಾಗ, ದೇವರು ಹೃದಯವನ್ನೇ ನೋಡುವವನೆಂದು ಕಲಿಯಬೇಕಾಯಿತು. ನಾವೂ ಕಲಿಯೋಣ. ಮಕ್ಕಳ ಮುಂದೆ ಬಣ್ಣದ ಮಾತನ್ನು ಎತ್ತದಿರೋಣ. ಒಲೆಯ ಕಾವಿನಲ್ಲಿ ಒರಟಾದ ತಾಯಿಯ ಕೈಗಳನ್ನು ಅವರಿಗೆ ತೋರಿಸಿ, ಮನೆಯ ಚೆಲುವು ಎಲ್ಲಿದೆಯೆಂದು ಹೇಳಿಕೊಡೋಣ.