ಅಶೋಕದ ತೊಗಟೆಯೂ ನಮ್ಮ ಹೆಬ್ಬಾಗಿಲಿನ ಮರಗಳೂ

ನಮ್ಮ ಶಾಲೆಯ ಹೆಬ್ಬಾಗಿಲಿನಿಂದ ಪ್ರಾರ್ಥನಾ ಮಂದಿರದ ವರೆಗೆ ಸಾಲಾಗಿ ನಿಂತಿರುವ ನೀಳವಾದ ಮರಗಳನ್ನು ಇಲ್ಲಿ ಓದಿದವರಾರೂ ಮರೆತಿರಲಾರರು. ಅವುಗಳನ್ನು ನಾವೆಲ್ಲರೂ ಅಶೋಕವೆಂದೇ ಕರೆಯುತ್ತ ಬಂದೆವು. ಕೆಲವು ವರ್ಷಗಳ ಕೆಳಗೆ ತಾಯಿಯೊಬ್ಬರು ಬಂದು, ನಮ್ಮ ಪೂರ್ವವಿದ್ಯಾರ್ಥಿನಿಯಾದ ತಮ್ಮ ಮಗಳಿಗೆ ಮಾಸಿಕ ಸ್ರಾವವು ಮಿತಿಮೀರಿರುವುದೆಂದೂ ಕಷಾಯಕ್ಕೆ ಸ್ವಲ್ಪ ತೊಗಟೆ ಬೇಕೆಂದೂ ಕೇಳಿದಾಗ ನಾವು ಸಂತೋಷದಿಂದಲೇ ಒಪ್ಪಿದೆವು. ಒಪ್ಪಿದ್ದು ತಪ್ಪಾಯಿತು. ಆದುದರಿಂದಲೇ ಈ ವಿಷಯವನ್ನು ಬರೆಯಬೇಕೆನಿಸಿತು.

ಔಷಧಕ್ಕೆ ಸಲ್ಲುವ ಅಶೋಕವು ಬೇರೆ. ಹಳಗನ್ನಡದಲ್ಲಿ ಅಸುಗೆ ಎನಿಸಿಕೊಂಡ ಈ ಮರವು ಪಶ್ಚಿಮ ಘಟ್ಟದ ತಂಪಾದ ಕಾಡುಗಳಲ್ಲಿ ಬೆಳೆಯುತ್ತದೆ; ಹೆಚ್ಚು ಎತ್ತರಕ್ಕೆ ಹೋಗದೆ ಕೊಂಬೆಗಳನ್ನು ಹರಡಿ ನೆರಳು ಕೊಡುತ್ತದೆ. ಅದರ ಚಿಗುರು ತಾಮ್ರವರ್ಣದ್ದಾಗಿ ಜೋತುಬಿದ್ದಿರುವುದು. ಒಂದೇ ಕಡ್ಡಿಯಲ್ಲಿ ಜೋಡಿಜೋಡಿಯಾಗಿ ಎಲೆಗಳಿರುವುವು. ಗೊಂಚಲು ಹೂಗಳು ಮೊದಲು ಕಿತ್ತಳೆ ಬಣ್ಣದವಾಗಿದ್ದು ಬಳಿಕ ಕೆಂಪಾಗುತ್ತವೆ. ಕಾಯಿಯು ಚಪ್ಪಟೆಯಾದ ಕೋಡು. ಹೆಬ್ಬಾಗಿಲಿನ ಮರವಾದರೋ ಸೀತಾಫಲದ ಕುಟುಂಬಕ್ಕೆ ಸೇರಿದ್ದು. ಅದರ ಎಲೆ ಒಂಟಿ, ಅಂಚು ಅಲೆಅಲೆ, ಹೂ ತಿಳಿಹಸುರು. ಅದರ ಹಣ್ಣನ್ನು ಬಾವಲಿಗಳು ತಿಂದು ಬೀಜಗಳನ್ನು ಜಗಲಿಯ ತುಂಬ ಉದುರಿಸುವುದನ್ನು, ಗುಡಿಸಿದ ನೀವೇ ಬಲ್ಲಿರಿ! ಗ್ರಂಧಿಗೆ ಅಂಗಡಿಯ ಅಶೋಕದ ತೊಗಟೆಯಲ್ಲಿಯೂ ಈ ಮರದ ತೊಗಟೆ ಬೆರೆತಿರುವುದುಂಟು. ಒಣಗಿದ ಬಳಿಕ ಭೇದವನ್ನು ಕಾಣುವುದು ಕಷ್ಟ.

ನಿಜವಾದ ಅಶೋಕದ ತೊಗಟೆಯು ಟ್ಯಾನಿನ್ನಿನಿಂದಾಗಿ ಬಹಳ ಒಗರು. ಅತಿಸ್ರಾವಕ್ಕೆ ಆಯುರ್ವೇದ ವೈದ್ಯರು ಇದನ್ನು ಬಹುಕಾಲದಿಂದ ಕೊಡುತ್ತಿರುವರು. ಹಾಲು ನೀರುಗಳಲ್ಲಿ ತೊಗಟೆಯನ್ನು ಕುದಿಸಿ, ನೀರು ಇಂಗಿ ಹಾಲು ಮಾತ್ರ ಉಳಿದಾಗ ಸೋಸಿ ಕುಡಿಸುವುದು ಒಂದು ಕ್ರಮ. ಭೈಷಜ್ಯ ರತ್ನಾವಳಿಯಲ್ಲಿ ಹೇಳಿರುವ ಅಶೋಕಾರಿಷ್ಟವು ಇನ್ನೊಂದು. ಕಷಾಯಕ್ಕೆ ಬೆಲ್ಲವನ್ನೂ ಧಾತಕಿಯ ಹೂವನ್ನೂ ಮತ್ತಿತರ ದ್ರವ್ಯಗಳನ್ನೂ ಸೇರಿಸಿ ಹುದುಗಿಸುವುದರಿಂದ ಅದರಲ್ಲಿ ತಾನಾಗಿಯೇ ಮದ್ಯಾಂಶವು ಹುಟ್ಟುತ್ತದೆ. ಮದ್ಯವನ್ನು ಮುಟ್ಟೆವೆಂದು ಪ್ರತಿಜ್ಞೆ ಮಾಡಿದ ನಮ್ಮ ಸಭೆಯ ಹಿರಿಯ ತಾಯಂದಿರು ಈ ಮಾತನ್ನು ಕೇಳಿ ಬೆಚ್ಚಿದರು. ಗರ್ಭಿಣಿಯರು ತಾವಾಗಿ ಇದನ್ನು ಸೇವಿಸಕೂಡದು. ತಲೆಮಾರುಗಳ ಅನುಭವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅನೇಕ ಸ್ತ್ರೀಯರ ಮೇಲೆ ಕ್ರಮವಾಗಿ ನಡೆದ ಪರೀಕ್ಷೆಗಳು ಇನ್ನೂ ಕಡಿಮೆಯೇ.

ಆ ಮಗಳು ಮೂರು ತಿಂಗಳು ನಮ್ಮ ಮರದ ಕಷಾಯವನ್ನು ಕುಡಿದಳು. ಮೆಟ್ಟಿಲು ಹತ್ತಲಾರದೆ ಕುಳಿತಾಗ ಆಸ್ಪತ್ರೆಗೆ ಕರೆದೊಯ್ದರು. ಸ್ತ್ರೀಯರಲ್ಲಿ 12 ಗ್ರಾಮಾದರೂ ಇರಬೇಕಾದ ಹೀಮೋಗ್ಲೋಬಿನ್ ಅವಳಲ್ಲಿ 6ಕ್ಕೆ ಇಳಿದಿತ್ತು, ಗರ್ಭಕೋಶದಲ್ಲಿ ಗಡ್ಡೆಯಿತ್ತು. ನಿಜವಾದ ಅಶೋಕವನ್ನೇ ಕುಡಿದಿದ್ದರೂ ಆ ಗಡ್ಡೆ ಕರಗುತ್ತಿರಲಿಲ್ಲ. ರಕ್ತ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ ಮೇಲೆ, ದೇವರ ದಯೆಯಿಂದ, ಈಗ ಸೌಖ್ಯವಾಗಿದ್ದಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತೆಂಬುದನ್ನು ಗಮನಿಸಿರಿ. ಸ್ರಾವವು ಏಳು ದಿನಕ್ಕೆ ಮೀರಿದರೂ, ದೊಡ್ಡ ಹೆಪ್ಪುಗಳು ಬಿದ್ದರೂ, ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದರೂ ನಾಚದೆ ವೈದ್ಯರ ಬಳಿಗೆ ಹೋಗಿರಿ. ಮುಟ್ಟು ನಿಂತ ಬಳಿಕ ಒಂದೇ ಒಂದು ಸಲ ಕಾಣಿಸಿದರೂ ಹೋಗಲೇಬೇಕು. ಅದು ಅರ್ಬುದದ ಮೊದಲ ಗುರುತಾಗಿರಬಹುದು.

ತೊಗಟೆಯನ್ನು ಸುತ್ತಲೂ ಸುಲಿದರೆ ಮರವು ಸಾಯುತ್ತದೆ. ಹೀಗೆ ಸುಲಿದೂ ಕಾಡು ಕಡಿದೂ ಅಶೋಕವು ಅಪರೂಪವಾಗಿ, 1998ರಲ್ಲಿಯೇ ಅಪಾಯದಲ್ಲಿರುವ ಗಿಡಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಕಳೆದ ಮಳೆಗಾಲದಲ್ಲಿ ಬಾವಿಯ ಪಕ್ಕದಲ್ಲಿ ನಿಜವಾದ ಅಶೋಕದ ಸಸಿಯೊಂದನ್ನು ನೆಡಿಸಿದೆವು. ಒಂಬತ್ತನೆಯ ತರಗತಿಯ ಹುಡುಗಿಯರು ಅದರ ಎಲೆಯನ್ನೂ ಹೆಬ್ಬಾಗಿಲಿನ ಮರದ ಎಲೆಯನ್ನೂ ಒಂದೇ ಹಾಳೆಯ ಮೇಲೆ ಅಂಟಿಸಿ ಹೆಸರು ಬರೆದಿದ್ದಾರೆ.